ರಾಜಪಾರ್ಟು

"ನಿಮಗೆ ಐವತ್ತೂ ಆಗಿರಲಿಕ್ಕಿಲ್ಲ. ಮುಂದಿನವರು ಬನ್ನಿ," ಎಂದುಬಿಟ್ಟರು ಡಾಕ್ಟರಮ್ಮ.

ಕಂಪಲಾಪುರದ ಶಾಲೆಯ ಜಗಲಿಯಲ್ಲಿ ಅಂದು ವೃದ್ಧಾಪ್ಯ ವೇತನದ ಶಿಬಿರ. ಅರವತ್ತೈದು ದಾಟಿದೆ ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲದವರನ್ನು ಡಾಕ್ಟರಮ್ಮ ನೋಡಿ ಸರ್ಟಿಫಿಕೇಟು ಕೊಡುತ್ತಿದ್ದರು. ಎದುರಿಗೆ ನಿಂತಿದ್ದ ಚಿಕ್ಕಬಸಪ್ಪನ ತಲೆ, ಮೀಸೆ, ಹುಬ್ಬು ಎಲ್ಲವೂ ಮಿರಿಮಿರಿ ಕಪ್ಪು. ಹಿಂದಿನ ರಾತ್ರಿಯಷ್ಟೇ ಊರ ನಾಟಕದಲ್ಲಿ ರಾಜಪಾರ್ಟು ಮಾಡಿದ್ದ. ಹಚ್ಚಿದ ಬಣ್ಣ ತೊಳೆದರೆ ಹೋಗುವಂಥದ್ದಲ್ಲ. ಪಿಂಚಣಿ ತಪ್ಪಿತಲ್ಲ ಎಂಬ ಚಿಂತೆ ಆ ಮಹಾರಾಯನಿಗೆ ಎಲ್ಲಿಂದ ಬರಬೇಕು! "ಐವತ್ತೂ ಆಗಿಲ್ವಂತೆ, ಕೇಳುಸ್ಕಂಡೇನೇ?" ಎಂದು ಹೆಂಡತಿ ಸಣ್ಣತಾಯಮ್ಮನ ಕಡೆ ತಿರುಗಿ ಮೀಸೆ ಹುರಿಮಾಡಿದ.

ಮನೆ ಮನೆ ತಿರುಗಿ ಇಂಥವರನ್ನೆಲ್ಲ ಕಲೆಹಾಕಿಕೊಂಡು ಬಂದಿದ್ದವಳು ಮಹಿಳಾ ಸಂಘದ ಪವಿತ್ರಾ. ಅವಳು ಹಣೆ ಚಚ್ಚಿಕೊಂಡಳು. "ಬಣ್ಣ ಹಚ್ಕಬ್ಯಾಡ ಅಂತ ಬಡ್ಕಂಡೆ. ಕೇಳಿದ್ಯಾ ತಾತ?"

"ತಾತ ಅನ್ಬ್ಯಾಡ ಕಣವ್ವ, ನಾಟಕದ ಮೇಷ್ಟ್ರು ಇಲ್ಲೇ ಎಲ್ಲೋ ಅವ್ರೆ," ಎಂದು ಪಿಸುಗುಟ್ಟಿದ ಚಿಕ್ಕಬಸಪ್ಪ. "ವಯಸ್ಸಾತು ಅಂತ ಗೊತ್ತಾದ್ರೆ ರಾಜಪಾರ್ಟು ಕಿತ್ಕಂಡು ಋಷಿ ಪಾರ್ಟು ಕೊಟ್ಟುಬುಡ್ತಾರೆ."

ಸಣ್ಣತಾಯಮ್ಮನಿಗೆ ರೇಗಿಹೋಯಿತು. ಗಂಡ ಮನೆಯಲ್ಲಿ ಕಿರೀಟ ಒರೆಸುತ್ತ ಕೂತರೆ, ನೋಯುವ ಮಂಡಿ ಎಳೆದುಕೊಂಡು ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುವವಳು ಅವಳು. ಪಿಂಚಣಿ ಒಂದು ಬಂದರೆ ಆ ಕೂಲಿ ಬಿಟ್ಟು ಮನೆಯಲ್ಲಿರಬಹುದು ಎಂದು ದೀಪಾವಳಿಯಿಂದ ಕಾಯುತ್ತಿದ್ದಳು.

"ಆಯ್ತು ಬುಡಿ ಮಾರಾಜ್ರೇ," ಎಂದಳು. "ನಾಳಿಕೆ ನಾನೂ ಮೂಲೆಗೆ ಕೂತ್ರೆ ಹಿಟ್ಟು ಯಾರು ಹಾಕಾರು, ನಿಮ್ಮ ಮೇಷ್ಟ್ರನ್ನೇ ಕೇಳಿ."

ಚಿಕ್ಕಬಸಪ್ಪನಿಗೆ ನಾಚಿಕೆಯಾಯಿತು. ದಿನಾ ಸಂಜೆ ಅವಳು ಹೊಸ್ತಿಲು ದಾಟಲು ಬಾಗಿಲು ಹಿಡಿದುಕೊಳ್ಳುವುದನ್ನು ಅವನೂ ನೋಡುತ್ತಿದ್ದ. ಮೇಜಿನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಅರವತ್ತೈದು ಯಾವಾಗ್ಲೋ ದಾಟೈತೆ ಡಾಕ್ಟ್ರಮ್ಮ. ಇದೆಲ್ಲ ನಾಟಕದ ಬಣ್ಣ," ಎಂದ.

ಡಾಕ್ಟರಮ್ಮನಿಗೆ ನಗು ಬಂತು. "ಹಂಗಾದರೆ ನಿಮ್ಮ ರಾಜನ್ನೇ ಒಂದು ಸಲ ತೋರಿಸಿ, ನೋಡೋಣ."

ಅಷ್ಟು ಹೇಳಿದ್ದೇ ತಡ, ಪಕ್ಕದಲ್ಲಿದ್ದ ಅಜ್ಜಿಯ ಊರುಗೋಲು ಕಸಿದುಕೊಂಡು ಗದೆಯಂತೆ ಹೆಗಲಿಗೇರಿಸಿದ. "ಎಲೈ ವೈರಿಯೇ!" ಎಂದು ಅಬ್ಬರಿಸಿದ ರಭಸಕ್ಕೆ ಸೂರಿನ ಪಾರಿವಾಳಗಳು ಹಾರಿಹೋದವು. ಗಿರ್ರನೆ ಒಂದು ಸುತ್ತು ತಿರುಗಿ, ಒಂದು ಮಂಡಿ ಊರಿ, ಗದೆಯನ್ನು ಆಕಾಶಕ್ಕೆತ್ತಿ ನಿಲ್ಲಿಸಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಿತು. ರಾಜ ಮಾತ್ರ ಮಂಡಿಯೂರಿಯೇ ಇದ್ದ. ಇದೂ ನಾಟಕವೇ ಇರಬೇಕೆಂದು ಜನ ಇನ್ನೊಂದು ಸಲ ತಟ್ಟಿದರು.

"ಇವಳೇ..." ರಾಜನ ದನಿ ಸಣ್ಣಗಾಗಿತ್ತು. "ಒಸಿ ಕೈ ಕೊಡು."

ಸಣ್ಣತಾಯಮ್ಮ ಅವನ ಕಂಕುಳಿಗೆ ಕೈಕೊಟ್ಟು, "ರಾತ್ರಿನೂ ಇಂಗೇಯ ಡಾಕ್ಟ್ರಮ್ಮ. ಪರದೆ ಬುಟ್ಟ ಮ್ಯಾಲೆ ಎತ್ಕಂಡು ಬಂದೊ," ಎಂದಳು. ಅವಳ ಕೋಪವೂ ಅಷ್ಟರಲ್ಲಿ ಇಳಿದಿತ್ತು.

ಡಾಕ್ಟರಮ್ಮ ನಗು ತಡೆದುಕೊಂಡು ಅವನ ಮಂಡಿ ಒತ್ತಿ, ಹಲ್ಲು ಎಣಿಸಿ, ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡರು. "ಅರವತ್ತೆಂಟು ಅಂತ ಬರೀತೀನಿ."

"ಬರ್ಕಳಿ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಆದ್ರೆ ಒಸಿ ಮೆತ್ತಗೆ ಯೋಳಿ. ನಾಟಕದ ಷಣ್ಮುಖಪ್ಪ ಮೇಷ್ಟ್ರು ಸಾಲಲ್ಲೇ ನಿಂತವ್ರೆ."

ಮೇಷ್ಟ್ರಿಗೆ ಈ ಸಾಲಿನಲ್ಲೇನು ಕೆಲಸ ಎಂದು ಡಾಕ್ಟರಮ್ಮ ತಲೆ ಎತ್ತಿ ನೋಡಿದರು. ಮೇಷ್ಟ್ರದ್ದೂ ಸೇರಿ, ಸಾಲಿನಲ್ಲಿದ್ದ ಮಿರಿಮಿರಿ ಕಪ್ಪು ಮೀಸೆಗಳೆಲ್ಲ ಒಟ್ಟಿಗೆ ಗೋಡೆಯ ಕಡೆ ತಿರುಗಿಕೊಂಡವು.