ಬಲತೋಳಿನ ತಾಯತ

ಎಡತೋಳಿಗೆ ಕಟ್ಟಿದ್ದ ಬಿಪಿ ಪಟ್ಟಿಗೆ ನರ್ಸ್ ಗೀತಾಂಜಲಿ ಮತ್ತೊಮ್ಮೆ ಗಾಳಿ ತುಂಬಿ ಬಿಟ್ಟಳು. ಪಾದರಸ ಮೆಲ್ಲಗೆ ಇಳಿಯಿತು. ಕಿವಿಗೆ ಒಂದು ಬಡಿತವೂ ಬೀಳಲಿಲ್ಲ. ಮಂಚದ ಮೇಲಿದ್ದ ಗಾದಿಲಿಂಗನ ಉಸಿರು ಮಾತ್ರ ಇನ್ನೂ ಸಣ್ಣಗೆ ಆಡುತ್ತಿತ್ತು.

"ಎಷ್ಟೈತ್ರಿ ಬಿಪಿ?" ಎಂದಳು ಅವನ ಹೆಂಡತಿ ಪಂಪಮ್ಮ. ಗೀತಾಂಜಲಿ ಪಟ್ಟಿ ಬಿಚ್ಚತೊಡಗಿದಳು.

ಗಾದಿಲಿಂಗನ ಬಲತೋಳಿನಲ್ಲಿ ಕೊಟ್ಟೂರಿನ ಗುಡಿಯಲ್ಲಿ ಕಟ್ಟಿಸಿದ ತಾಯತವಿತ್ತು. ಬೆಳಿಗ್ಗೆ ಪಟ್ಟಿ ಕಟ್ಟಲೆಂದು ಗೀತಾಂಜಲಿ ಅದನ್ನು ಸರಿಸಲು ಹೋದಾಗ ಪಂಪಮ್ಮ, "ಅದಕ್ಕ ಕೈ ಹಚ್ಚಬ್ಯಾಡ್ರಿ, ಇವರ ಜೀವ ಅದರಾಗೈತಿ" ಎಂದು ಹರಿಹಾಯ್ದಿದ್ದಳು. ಈಗ ಅವಳೇ ಬಗ್ಗಿ, ಹಲ್ಲಿನಿಂದ ಅದರ ಗಂಟು ಬಿಚ್ಚಿದಳು.

"ಪಟ್ಟಿ ಈ ಕೈಗೆ ಕಟ್ಟಿ ನೋಡ್ರಿ ಅಕ್ಕಾರ. ಇದರಾಗ ಇರತೈತಿ."

ಗೀತಾಂಜಲಿ ಕಟ್ಟಿದಳು, ಗಾಳಿ ತುಂಬಿ ಬಿಟ್ಟಳು. ಪಾದರಸ ಸದ್ದಿಲ್ಲದೆ ತಳ ಮುಟ್ಟಿತು. ತಾಯತವನ್ನು ಮುಷ್ಟಿಯಲ್ಲಿ ಹಿಡಿದು ಪಂಪಮ್ಮ ಏನೋ ಕೇಳುತ್ತಿದ್ದಳು. ಉತ್ತರ ಹೇಳಬೇಕಾದೀತೆಂದು ಗೀತಾಂಜಲಿ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆಯಲಿಲ್ಲ.