ಎಡ ಅಂಗೈ

ಹೊಂಡದ ಮೆಟ್ಟಿಲಿಗೆ ಬಡಿಗೆ ಅಡ್ಡ ಹಿಡಿದು ಮಲ್ಲಣ್ಣ, ನೀವು ಯಾರ ಪೈಕಿ ಎಂದು ಕೇಳಿದ.

ಲಿಂಗವಂತರು ಎಂದಳು ಹಂಪಮ್ಮ. ಜೊತೆಗಿರುವವಳು ಸೊಸೆ ಗೊಲ್ಲಾಳಮ್ಮ. ಸುರಪುರದಿಂದ ಯಾದಗಿರಿ ಸ್ಟೇಶನ್ನಿಗೆ ಹೊರಟಿದ್ದೇವೆ, ಗುಟುಕು ನೀರು ಬೇಕು ಎಂದಳು.

ಪೊಲೀಸ್ ಕಾರ್ಯಾಚರಣೆ ಮುಗಿದಿತ್ತು. ನಿಜಾಮನ ಆಳ್ವಿಕೆ ಹೋಯಿತು. ಬಡಿಗೆ ಮಾತ್ರ ಹೋಗಲಿಲ್ಲ, ಕೈ ಬದಲಿಸಿತು ಅಷ್ಟೇ. ಶಹಾಪುರದ ಗುಡಿಯ ಈ ಹೊಂಡದಲ್ಲಿ ಹಿಂದಿನಿಂದಲೂ ದಾರಿಹೋಕರು ಹೇಳದೆ ಕೇಳದೆ ನೀರು ಕುಡಿದವರು. ಈಗ ಅದಕ್ಕೂ ಕಾವಲು. ರಜಾಕಾರರಿಗೆ ಊಟ ಹಾಕಿದ್ದ ಸುರಪುರದ ಖಾಜಾಹುಸೇನನ ಮಗಳು ನಜೀಮಾ ಸೀರೆಯುಟ್ಟು, ವಿಭೂತಿ ಹಚ್ಚಿಕೊಂಡು ತಪ್ಪಿಸಿಕೊಂಡಿದ್ದಾಳೆ ಎಂದು ಸುದ್ದಿ. ಅವಳ ಅಪ್ಪನನ್ನು ಆಗಲೇ ಬಾವಿಗೆ ನೂಕಿದ್ದರು. ಸಿಕ್ಕರೆ ಅವಳಿಗೂ ಅದೇ ಗತಿ.

ಮಲ್ಲಣ್ಣ ಬಳಿಚಕ್ರದವನು, ಇಲ್ಲಿಯವರ ಮುಖ ಅರಿಯ. ಹಾಗಾಗಿ ಅವನದೊಂದು ಕಾನೂನು: ಲಿಂಗವಂತರೆಂದು ಹೇಳಿದವರು ಕೊರಳಿನ ಲಿಂಗ ತೋರಿಸಬೇಕು. ಲಿಂಗವನ್ನು ಯಾರೂ ಯಾರಿಗೂ ಕಡ ಕೊಡುವುದಿಲ್ಲ. ಸತ್ತರೂ ಅದನ್ನು ಕೈಯಲ್ಲಿ ಹಿಡಿದೇ ಮಣ್ಣಿಗೆ ಹೋಗುತ್ತಾರೆ.

ಕಟ್ಟೆಯ ಮೇಲೆ ಕಾವಲಿನ ಹಿರಿಯ ಸೂಗಪ್ಪ ಕೂತಿದ್ದ. ಇದೇ ಊರಿನವನು, ಜೈಲಿನಿಂದ ಮೊನ್ನೆಯಷ್ಟೇ ಬಂದವನು. ಅವನನ್ನು ಕಂಡ ಹಂಪಮ್ಮನ ಕಾಲುಗಳು ಅಲ್ಲೇ ನಿಂತವು.

ಹುಡುಗಿ ಸೆರಗಿನೊಳಗಿಂದ ಬೆಳ್ಳಿಯ ಕರಡಿಗೆ ತೆಗೆದು, ಮುಚ್ಚಳ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಬಲ ಅಂಗೈಯಲ್ಲಿ.

ಮಲ್ಲಣ್ಣನ ಬಡಿಗೆ ಮೇಲೆದ್ದಿತು. "ಬಲಗೈಯಾಗ ಲಿಂಗ ಹಿಡಿಯೋರು ಯಾರು?"

ಹಂಪಮ್ಮನಿಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಶ್ರಾವಣದಿಂದ ಈಚೆಗೆ ಅವಳಿಗೆ ಏನೂ ಆಗುತ್ತಿರಲಿಲ್ಲ.

ಸೂಗಪ್ಪ ಕೆಳಗಿಳಿದು ಬಂದು ಹುಡುಗಿಯ ಕೈಯಿಂದ ಕರಡಿಗೆ ತೆಗೆದುಕೊಂಡ. ಮುಚ್ಚಳದಲ್ಲೊಂದು ನೆಗ್ಗು ಇತ್ತು. ಹುಡುಕದೆಯೇ ಅವನ ಹೆಬ್ಬೆರಳು ಅದರ ಮೇಲೆ ಹೋಗಿ ಕೂತಿತು. ಆಮೇಲೆ ಹಂಪಮ್ಮನ ಕಡೆ ತಿರುಗಿದ.

"ಯಾವಾಗ?"

"ಶ್ರಾವಣದಾಗ. ಕಾಲರಾ. ಗದ್ದಲದಾಗ ಹೇಳಿ ಕಳಸಾಕ ಆಗಲಿಲ್ಲ."

"ಹತ್ತರ ಯಾರಿದ್ರು?"

"ಇಕೀನ. ಉಳಿದೋರು ಬಾಗಿಲಿಗೂ ಬರಲಿಲ್ಲ. ಕಡೀ ನೀರು ಬಿಟ್ಟಾಕಿನೂ ಇಕೀನ."

ಯಾರದೋ ಸಾವಿನ ಮಾತು ಎಂದಷ್ಟೇ ಮಲ್ಲಣ್ಣನಿಗೆ ತಿಳಿಯಿತು. ಆ ವರ್ಷ ಯಾರ ಮನೆಯಲ್ಲಿ ಸಾವಿರಲಿಲ್ಲ?

ಸೂಗಪ್ಪ ಹುಡುಗಿಯ ಬಲಗೈಯಿಂದ ಲಿಂಗವನ್ನು ಎತ್ತಿ ಎಡ ಅಂಗೈಗಿಟ್ಟ.

"ಹೆದರಿದೋರಿಗಿ ಎಡ ಬಲ ತಿಳೀತದೇನು, ಮಲ್ಲಣ್ಣ? ಇಕಿ ನನ್ನ ಒಡಹುಟ್ಟಿದ ತಂಗಿ ಗೊಲ್ಲಾಳಮ್ಮ. ನೀರು ಕುಡೀಲಿ ಬಿಡು."

ಮಲ್ಲಣ್ಣನಿಗೆ ನಾಚಿಕೆಯಾಯಿತು. ಬಡಿಗೆ ಒಗೆದು ತಾನೇ ಇಳಿದು ತಂಬಿಗೆ ತುಂಬಿ ತಂದ. ಇಷ್ಟು ದೂರ ಬಂದ ತಂಗಿಯನ್ನು ತವರಿಗೆ ಕರೆದೊಯ್ಯಬಾರದೇ, ನಿಮ್ಮ ತಾಯಿ ಎಷ್ಟು ಹಿಗ್ಗುತ್ತಿದ್ದರು ಎಂದ. ರೈಲಿಗೆ ಹೊತ್ತಾಗುತ್ತದೆ ಎಂದು ಹೇಳಿ ಸೂಗಪ್ಪ ತನ್ನ ಗಾಡಿಯಲ್ಲೇ ಅವರಿಬ್ಬರನ್ನು ಕೂರಿಸಿ ಕಳಿಸಿದ. ಹುಡುಗಿ ಒಮ್ಮೆ ತಿರುಗಿ ನೋಡಿದಳು.

ಗಾಡಿ ಮರೆಯಾದ ಮೇಲೆ ಸೂಗಪ್ಪ ಮನೆಯ ಕಡೆ ನಡೆದ, ಗೊಲ್ಲಾಳಮ್ಮ ಸತ್ತಳೆಂದು ಅವ್ವನಿಗೆ ಹೇಳಲು.