ಬಕೆಟ್ಟಿನ ಸದ್ದು

ಬೆಳಿಗ್ಗೆ ಏಳು ಗಂಟೆಗೆ ಅಣ್ಣ ನೀರಿಗಿಳಿದ. ಕೊಲ್ಲಿಯಲ್ಲಿ ಮೊಸಳೆಗಳಿದ್ದವು.

ಅವನ ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ತಮ್ಮನ ಕೈಯಲ್ಲಿತ್ತು. ದೋಣಿಯ ಹಿಂಬದಿಯಲ್ಲಿ, ಪ್ರೊಪೆಲ್ಲರಿಗೆ ಹಳೆಯ ಬಲೆಯೊಂದು ಸುತ್ತಿಕೊಂಡಿತ್ತು. ಅದನ್ನು ಕತ್ತರಿಸದೆ ಇಲ್ಲಿಂದ ಹೊರಡುವಂತಿರಲಿಲ್ಲ. ಬಂದರು ದೂರ; ರೇಡಿಯೊ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

"ನಾನು ಕೆಳಗಿರೋವಾಗ ಆ ಬಕೆಟ್ ಮುಟ್ಟಬೇಡ ಕಣೋ," ಎಂದಿದ್ದ ಅಣ್ಣ. "ಮುಟ್ಟಿದ್ರೆ ಒಬ್ಬ ಸತ್ತ ಅಂತಲೇ ಲೆಕ್ಕ."

"ನನಗೇನು ತಲೆ ಕೆಟ್ಟಿದ್ಯಾ ಅಣ್ಣ?"

ಅಣ್ಣ ಅವನ ಮುಖವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ. ಆಮೇಲೆ ಮುಳುಗಿದ.

ಅವರದು ಕಾಡುಪ್ರಾಣಿ ತೋರಿಸುವ ವಿಹಾರದೋಣಿ. ನೀರುಕಾಗೆ, ಕಡಲಾಮೆ, ಡಾಲ್ಫಿನ್ ಎಲ್ಲವೂ ಈ ಕೊಲ್ಲಿಯಲ್ಲಿದ್ದವು. ಆದರೆ ಜನ ಟಿಕೆಟ್ ಕೊಳ್ಳುತ್ತಿದ್ದುದು ಮೊಸಳೆಗಾಗಿ. ಮೊಸಳೆ ಕರೆದರೆ ಬರುವ ನಾಯಿಯಲ್ಲ. ಅದಕ್ಕೇ ತೀರಿಹೋದ ಅಪ್ಪ ಒಂದು ಉಪಾಯ ಮಾಡಿದ್ದ: ತಗಡಿನ ಬಕೆಟ್ಟನ್ನು ದೋಣಿಯ ಮೈಗೆ ಬಡಿಯುವುದು, ಆ ಕೂಡಲೇ ಉದ್ದ ಗಳದಿಂದ ಹಿಂಬದಿಯ ನೀರಿಗೆ ಮಾಂಸ ಇಳಿಬಿಡುವುದು. ಪ್ರವಾಸಿಗರ ಕಾಲ ಶುರುವಾಗುವ ಮುಂಚೆ ತಿಂಗಳುಗಟ್ಟಲೆ ಇಲ್ಲೇ ಇದ್ದು ಮೊಸಳೆಗಳಿಗೆ ಪಾಠ ಮರೆಯದಂತೆ ನೋಡಿಕೊಳ್ಳಬೇಕು. ಸದ್ದು ಕೇಳಿದರೆ ಊಟ ಎಲ್ಲಿದೆ ಎಂದು ಅವು ಹುಡುಕುವುದಿಲ್ಲ. ನೆಟ್ಟಗೆ ಕಲಿತ ಜಾಗಕ್ಕೇ ನುಗ್ಗುತ್ತವೆ.

ಈ ವರ್ಷದ ಪಾಠ ಮಾಡಿದವರು ಅಣ್ಣ, ಅತ್ತಿಗೆ. ತಮ್ಮ ಬಂದರಿನಲ್ಲಿ ಟಿಕೆಟ್ ಮಾರುತ್ತ ಉಳಿದಿದ್ದ. ಈಗ ಮೂವರೂ ಕೊನೆಯ ತಾಲೀಮಿಗೆ ಬಂದಿದ್ದರು.

ಬಲೆ ತಾನಾಗಿ ಸುತ್ತಿಕೊಂಡದ್ದಲ್ಲ. ನಿನ್ನೆ ಲಂಗರು ಹಾಕುವ ಗಡಿಬಿಡಿಯಲ್ಲಿ ಅದನ್ನು ಹಿಂಬದಿಗೆ ಜಾರಿಸಿದ್ದು ಅತ್ತಿಗೆ. ಉಪಾಯವೂ ಅವಳದೇ. ತಮ್ಮನಿಗೆ ಬೇಕಿದ್ದುದು ದೋಣಿ ಮತ್ತು ಅವಳು. ನಡುವೆ ಇದ್ದವನು ಅಣ್ಣನೊಬ್ಬನೇ. ಚಾಕು ಬೇಡ, ವಿಷ ಬೇಡ. ಹಾವು ಸಾಯುತ್ತಿತ್ತು, ಕೋಲು ಮುರಿಯುತ್ತಿರಲಿಲ್ಲ. ಬಂದರಿನಲ್ಲಿ ನಾಲ್ಕು ಜನರೆದುರು ಅಳಬೇಕಾಗುತ್ತಿತ್ತು, ಅಷ್ಟೇ. ಮೊಸಳೆ ಕಣ್ಣೀರು ಎಂಬ ಮಾತು ನೆನಪಾಗಿ ತಮ್ಮನಿಗೆ ನಗು ಬಂತು.

ಅವಳು ಮೊದಲು ಒಪ್ಪಿರಲಿಲ್ಲ ಎಂಬುದು ನಿಜ. ಅಣ್ಣ ಊರಲ್ಲಿಲ್ಲದ ದಿನ ತಮ್ಮ ಅವಳ ಕೈ ಹಿಡಿದಾಗ ಕೊಸರಾಡಿ, ಕೈಗಡಿಯಾರದ ಗಾಜು ಒಡೆದು ಮಣಿಕಟ್ಟು ಕೊಯ್ದುಕೊಂಡಿದ್ದಳು. ಗಾಯದ ಗೆರೆ ಇನ್ನೂ ಇತ್ತು. ವಾರದ ಮೇಲೆ ಅವಳೇ ಬಂದು, "ಅವರಿರೋವರೆಗೆ ಆಗಲ್ಲ," ಎಂದಳು. ಹೆಂಗಸರೇ ಹೀಗೆ, ಮೊದಲು ಬೇಡ ಅನ್ನುತ್ತಾರೆ ಎಂದುಕೊಂಡಿದ್ದ ತಮ್ಮ.

ಬೆಳಿಗ್ಗೆ ಅಡುಗೆಗೂಡಿನಲ್ಲಿ ಅವಳು ಟೀಗೆ ಎರಡೇ ಲೋಟ ಇಟ್ಟಿದ್ದಳು.

"ಮೂರು ಇಡೇ," ಎಂದ ಅಣ್ಣ.

"ಇಬ್ಬರಿಗೆ ಸಾಕಲ್ವಾ?"

"ಇರ್ಲಿ, ಇಡು." ಕಪಾಟಿನಿಂದ ಮೂರನೆಯದನ್ನು ತಾನೇ ತೆಗೆದು ಇಟ್ಟಿದ್ದ ಅಣ್ಣ. ಅತ್ತಿಗೆ ಮೈದುನನ ಕಡೆ ನೋಡಿರಲಿಲ್ಲ. ಗಟ್ಟಿ ಹೆಂಗಸು, ಎಂದುಕೊಂಡಿದ್ದ ಅವನು.

ಈಗ ತಮ್ಮ ದೋಣಿಯ ಎಡಮಗ್ಗುಲಿಗೆ ಹೊಸದಾಗಿ ಕಟ್ಟಿದ್ದ ಹಲಗೆಯ ಮೇಲೆ ನಿಂತಿದ್ದ. ನೀರಿನಿಂದ ಮೊಳದಷ್ಟೇ ಎತ್ತರ, ಫೋಟೊ ತೆಗೆಯುವವರಿಗಂತೆ. ಬಕೆಟ್ ಅಲ್ಲೇ ತೂಗುತ್ತಿತ್ತು. ಹಲಗೆಯ ಅಂಚಿನಲ್ಲಿ ಉದ್ದುದ್ದ ಗೀರುಗಳಿದ್ದವು. ಲಂಗರಿನ ಸರಪಳಿ ಉಜ್ಜಿರಬೇಕು. ಅಣ್ಣನಿಗೆ ಹೊಸ ಸಾಮಾನು ಜೋಪಾನ ಮಾಡಿ ಎಲ್ಲಿ ಗೊತ್ತು!

ಕೆಳಗಿನಿಂದ ಹಗ್ಗ ಒಮ್ಮೆ ಜಗ್ಗಿತು. ಕೆಲಸ ಶುರು ಎಂದು ಅರ್ಥ.

ತಮ್ಮ ಬಕೆಟ್ ತೆಗೆದು ದೋಣಿಯ ಮೈಗೆ ಬಡಿದ. ಬಲವಾಗಿ, ಮತ್ತೆ ಮತ್ತೆ ಬಡಿದ.

ದಡದ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಮರಗಳಿಂದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವು. ಕೆಸರುದಿಬ್ಬದ ಮೇಲೆ ಬಿಸಿಲು ಕಾಯುತ್ತಿದ್ದ ಮರದ ದಿಮ್ಮಿಗಳಂಥವು ಒಂದೊಂದಾಗಿ ಜಾರಿ ನೀರು ಸೇರಿದವು. ತಮ್ಮ ಹಿಂಬದಿಯನ್ನೇ ನೋಡುತ್ತ ನಿಂತ. ಅಲ್ಲಿ ನೀರು ಕಲಕಲಿಲ್ಲ. ಹಗ್ಗ ಮತ್ತೊಮ್ಮೆ ಜಗ್ಗಿತು, ನಿಧಾನವಾಗಿ. ಇನ್ನೂ ಬದುಕಿದ್ದಾನೆ. ತಮ್ಮ ಇನ್ನೂ ಜೋರಾಗಿ ಬಡಿದು, ನೋಡಲೆಂದು ಮುಂದಕ್ಕೆ ಬಾಗಿದ.

ಅದು ಹಿಂಬದಿಯಿಂದ ಬರಲಿಲ್ಲ. ಅವನ ಕಾಲ ಕೆಳಗಿನಿಂದ ಎದ್ದಿತು. ಬಕೆಟ್ಟನ್ನೂ ಅದನ್ನು ಹಿಡಿದಿದ್ದ ತೋಳನ್ನೂ ಒಟ್ಟಿಗೇ ಕಚ್ಚಿತು. ಮೂಳೆ ಮುರಿದ ಸದ್ದು ತಗಡು ನುಜ್ಜಾದ ಸದ್ದಿನಲ್ಲಿ ಸೇರಿಹೋಯಿತು. ಅವನು ಇನ್ನೊಂದು ಕೈಯಿಂದ ಹಲಗೆಯ ಅಂಚು ಹಿಡಿದ. ಉಗುರುಗಳು ಆ ಗೀರುಗಳಲ್ಲೇ ಕೂತವು. "ಅತ್ತಿಗೆ!" ಎಂದು ಕೂಗಿದ. ಅವಳು ಅಡುಗೆಗೂಡಿನ ಬಾಗಿಲಲ್ಲೇ ನಿಂತಿದ್ದಳು. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಎರಡನೆಯ ಮೊಸಳೆ ಅವನ ತೊಡೆ ಹಿಡಿದು ಹೊರಳಿತು. ನೀರು ಕೆಂಪಾಯಿತು. ಆಮೇಲೆ ಕಂದುಬಣ್ಣಕ್ಕೆ ತಿರುಗಿತು.

ದೋಣಿಯ ಬಲಮಗ್ಗುಲಿಗೆ ಕಟ್ಟಿದ್ದ ಪುಟ್ಟ ಹುಟ್ಟುದೋಣಿಯಲ್ಲಿ ಅಣ್ಣ ಕೂತಿದ್ದ. ಮುಳುಗಿದವನು ದೋಣಿಯಡಿಯಿಂದ ಹಾದು ಆಗಲೇ ಮೇಲೆ ಹತ್ತಿದ್ದ. ಸೊಂಟದಿಂದ ಬಿಚ್ಚಿದ ಹಗ್ಗದ ತುದಿ ಅವನ ಕೈಯಲ್ಲೇ ಇತ್ತು. ಅದು ಈಗ ಸಡಿಲವಾಗಿತ್ತು.

"ಬಡಿದುಬಿಟ್ಟ," ಎಂದ ಅವನು.

"ಬಡೀತಾನೆ ಅಂತ ನಾನು ಹೇಳಿರಲಿಲ್ವಾ? ತಿಂಗಳುಗಟ್ಟಲೆ ಆ ಹಲಗೆ ಮೇಲೇ ಮಾಂಸ ಇಟ್ಟಿದ್ದು ಯಾತಕ್ಕೆ ಮತ್ತೆ?"

"ಮುಟ್ಟಬೇಡ ಅಂದಿದ್ದೆ ಕಣೇ. ಮುಟ್ಟಲ್ಲ ಅಂದುಕೊಂಡಿದ್ದೆ."

ಅವಳು ಒಳಗೆ ಹೋಗಿ ಮೂರನೆಯ ಲೋಟವನ್ನು ಮತ್ತೆ ಕಪಾಟಿನಲ್ಲಿಟ್ಟು, ಎರಡಕ್ಕೆ ಟೀ ಸುರಿದಳು.